‘ಲೂಸಿಯಾ’ ಚಲಚ್ಚಿತ್ರದಲ್ಲಿ ಸ್ವಪ್ನ, ಸ್ಮೃತಿ ಮತ್ತು ಪ್ರಣಯ

ಕಾವ್ಯದ ಪಾಕಭೇದಗಳನ್ನು ಹೇಳುವಲ್ಲಿ ಆಲಂಕಾರಿಕರು ದ್ರಾಕ್ಷಾಪಾಕಕ್ಕೆ ಎದುರಾಗಿ ನಾರಿಕೇಳಪಾಕವನ್ನು ನಿಲ್ಲಿಸುವರು. ಚಿಪ್ಪನ್ನು ಒಡೆದವನಿಗೇ ರಸವು ಲಭ್ಯವೆಂದು ಅವರ ಅಭಿಪ್ರಾಯ. ಭಾರವಿಯ ವಾಣಿಗೆ ಮಲ್ಲಿನಾಥನು ಕೊಟ್ಟ ಹೋಲಿಕೆಯೂ ಇದೇ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯವರಿಗಾದರೋ ಮತ್ತೊಂದು ಪಾಕವೂ ಪರಿಚಿತವಾದುದು. ಅಲ್ಲಿ ಕಾಯನ್ನು ಒಡೆಯದೆ ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುವರು. ನೀರು ಒಳಗೇ ಬತ್ತಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆ ಕೊಬ್ಬರಿಯಾಗುವುದು; ಅಲ್ಲಾಡಿಸಿದರೆ ಸದ್ದು ಮಾಡುವುದು. 2013ರಲ್ಲಿ ತೆರೆಕಂಡ ‘ಲೂಸಿಯಾ’ ಈ ಜಾತಿಯದು. ಮೊದಲ ನೋಟಕ್ಕೆ ಚಿಪ್ಪಷ್ಟೇ ಕೈಗೆ ಬರುತ್ತದೆ.

ಇದರ ಕಥೆ, ನಿರ್ದೇಶನಗಳು ಪವನ್ ಕುಮಾರರವು. ಸುಮಾರು 50 ಲಕ್ಷ ರೂಪಾಯಿಗಳ ಬಂಡವಾಳವನ್ನು ಜನರೇ ವಂತಿಗೆಯಾಗಿ ಕೂಡಿಸಿದರು. ನಾಯಕ ನಿಕ್ಕಿಯಾಗಿ ಸತೀಶ್ ನೀನಾಸಂ, ನಾಯಿಕೆ ಶ್ವೇತೆಯಾಗಿ ಶ್ರುತಿ ಹರಿಹರನ್ ನಟಿಸಿರುವರು. ಚಿತ್ರಮಂದಿರದ ಒಡೆಯ ಶಂಕರಣ್ಣನ ಪಾತ್ರವು ತಿಪಟೂರಿನಲ್ಲಿ ಜನಿಸಿದ ಅಚ್ಯುತ್ ಕುಮಾರರದು. ಅದರ ಮಿತವಾದ ಅಭಿನಯವನ್ನು ವಿಶೇಷವಾಗಿ ಮೆಚ್ಚತಕ್ಕದ್ದು.

ಕತ್ತಲಲ್ಲಿ ಟಾರ್ಚು ಹಿಡಿದು ಪ್ರೇಕ್ಷಕರಿಗೆ ಆಸನ ತೋರುವ ನಿಕ್ಕಿಗೆ ನಿದ್ರೆಯಿಲ್ಲ. ಲೂಸಿಯಾ ಎಂಬ ಗುಳಿಗೆಯನ್ನು ಸೇವಿಸಿದರೆ ಇಷ್ಟಬಂದ ಸ್ವಪ್ನ ಬೀಳುವುದು. ಅದು ಹಿಂದಿನ ರಾತ್ರಿ ನಿಂತಲ್ಲಿಂದಲೇ ಮುಂದುವರಿಯುವುದು. ಆ ಸ್ವಪ್ನದಲ್ಲಿ ಅವನು ಪ್ರಖ್ಯಾತ ನಟ. ಆಸನ ತೋರುವವನ ಬದುಕು ವರ್ಣಗಳಲ್ಲಿಯೂ ನಟನ ಬದುಕು ಕಪ್ಪುಬಿಳುಪಿನಲ್ಲಿಯೂ ಇವೆ. ಬಣ್ಣವುಳ್ಳದ್ದೇ ಎಚ್ಚರವೆಂದು ನಂಬಿದ ಪ್ರೇಕ್ಷಕನು ಕೊನೆಯಲ್ಲಿ ಬೆಸ್ತುಬೀಳುತ್ತಾನೆ: ಎಚ್ಚತ್ತಿದ್ದವನು ನಟ, ಬಡ ನಿಕ್ಕಿಯೇ ಅವನ ಕನಸು.

ಈ ತಿರುವನ್ನೇ ಹಲವರು ಹೊಗಳಿರುವರು. ಅದು ಚಮತ್ಕಾರ ನಿಜ. ಆದರೆ ಚಮತ್ಕಾರವು ಒಮ್ಮೆ ತಿಳಿದಮೇಲೆ ಸವೆಯುತ್ತದೆ. ಸವೆಯದೆ ಉಳಿಯುವುದು ಬೇರೊಂದು. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರಾಚಾರ್ಯರು ವಿಜ್ಞಾನವಾದವನ್ನು ಖಂಡಿಸುವಾಗ, ಸ್ವಪ್ನವು ಸ್ಮೃತಿಯ ಜಾತಿಯದು, ಎಚ್ಚರವು ಉಪಲಬ್ಧಿಯೆಂದು ಭೇದಮಾಡಿರುವರು. ಈ ಭೇದವನ್ನು ಚಿತ್ರಕ್ಕೆ ಹೊಂದಿಸಿ ನೋಡಬೇಕು. ಹಾಗೆ ನೋಡಿದರೆ ಬಡ ನಿಕ್ಕಿಯು ತಿಂಡಿಯಂಗಡಿಯ ಪರಿಚಾರಿಕೆ ಶ್ವೇತೆಯನ್ನು ಒಲಿದದ್ದೆಲ್ಲವೂ ನಟನು ತನ್ನ ಪ್ರಿಯೆಯನ್ನು ನೆನೆದ ಬಗೆಯೇ ಆಗುತ್ತದೆ. ಕೀರ್ತಿಯು ಹಾಳುಗೆಡಹಿದ ಪ್ರಣಯವನ್ನು ಅವನ ಸ್ಮೃತಿಯು ಕೀರ್ತಿಯಿಲ್ಲದ ಊರಿನಲ್ಲಿ ಮತ್ತೆ ಮೊದಲಿನಿಂದ ನಡೆಸಿ ನೋಡುತ್ತದೆ. ಬಣ್ಣವು ಎಚ್ಚರದ ಗುರುತಲ್ಲ, ಅನುರಾಗದ ಗುರುತು. ಹೀಗೆ ಗ್ರಹಿಸಿದಾಗ ಎರಡನೆಯ ನೋಟದಲ್ಲಿ ಆ ಸಾಧಾರಣ ಜಗಳ, ಸಾಧಾರಣ ನಗೆಗಳೆಲ್ಲ ಕರುಣಸ್ಪರ್ಶವನ್ನು ಪಡೆಯುವುವು. ಈ ಸೂಕ್ಷ್ಮವನ್ನು ಮಾತಿನಿಂದ ವಾಚ್ಯಮಾಡದೆ ಬಿಟ್ಟಿರುವುದು ನಿರ್ದೇಶಕರ ಔಚಿತ್ಯಜ್ಞಾನಕ್ಕೆ ಸಾಕ್ಷಿ. ನಟನೇ ಮಿಥ್ಯೆಯೆಂದು ಮೊದಲು ನಂಬಿಸಿದ್ದರಿಂದಲೇ ಇದು ಸಾಧ್ಯವಾಯಿತೆಂಬುದನ್ನೂ ಒಪ್ಪಬೇಕು.

ಆದರೆ ದೋಷವೂ ಇಲ್ಲಿಯೇ ಇದೆ. ಸ್ವಪ್ನಪ್ರಣಯವು ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರನು ‘ಲೀಲಾವತಿ ಪ್ರಬಂಧ’ದಲ್ಲಿ ಕಂದರ್ಪನು ಲೀಲಾವತಿಯನ್ನು ಕನಸಿನಲ್ಲಿ ಕಾಣುವಂತೆ ಮಾಡಿ, ಅವಳೂ ಅವನನ್ನು ಕನಸಿನಲ್ಲಿ ಕಂಡಳೆಂದು ಕಥೆ ನಡೆಸಿರುವನು. ಕಾಣದ ಊರಿನ ಇಬ್ಬರ ನಡುವೆ ಸ್ವಪ್ನವೇ ಸೇತುವೆ. ಅದರ ಎರಡು ತುದಿಗಳಿಗೂ ಆಧಾರವುಂಟು. ‘ಲೂಸಿಯಾ’ದಲ್ಲಿ ಕನಸು ಕಾಣುವವನು ಒಬ್ಬನೇ. ಶ್ವೇತೆಯು ಎರಡು ಬದುಕುಗಳಲ್ಲಿಯೂ ಅವನ ಇಚ್ಛೆಗೆ ತಕ್ಕಂತೆ ರೂಪ ತಾಳುವಳೇ ಹೊರತು, ಅವಳ ಸ್ಮೃತಿಯಲ್ಲಿ ನಿಕ್ಕಿಯು ಹೇಗಿದ್ದಾನೆಂಬುದಕ್ಕೆ ಒಂದು ದೃಶ್ಯವೂ ದೊರೆಯದು. ಗುಳಿಗೆಯನ್ನು ಒಮ್ಮೆ ಅವಳ ಕೈಗೂ ಕೊಟ್ಟಿದ್ದರೆ ಶೃಂಗಾರವು ಉಭಯನಿಷ್ಠವಾಗುತ್ತಿತ್ತು. ಪತ್ತೇದಾರಿಕೆಯ ಭಾಗಕ್ಕೆ ವ್ಯಯವಾದ ಕಾಲದಲ್ಲಿ ಅದಕ್ಕೆ ಬೇಕಾದ ಸ್ಥಳವಿತ್ತು.