ಶಾಲು ಹೊದಿಸುವ ಮುನ್ನ

ನಮ್ಮ ದಿನಪತ್ರಿಕೆಗಳಲ್ಲಿ ಕೆಲವು ಮಾತುಗಳು ಮೊಳೆ ಜೋಡಿಸಿಟ್ಟಂತೆ ಸದಾ ಸಿದ್ಧವಾಗಿರುತ್ತವೆ. 'ಅಂಗವೈಕಲ್ಯ ಮೆಟ್ಟಿ ನಿಂತ ಛಲಗಾತಿ', 'ಕಣ್ಣಿಲ್ಲದಿದ್ದರೇನು, ಮನಸ್ಸಿದೆ', 'ವಿಧಿಗೇ ಸವಾಲೆಸೆದ ಬಾಲಕ'. ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ಇವುಗಳದ್ದು ಒಂದು ಬೆಳೆ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದ ಹೊತ್ತಿಗೆ ಇನ್ನೊಂದು. ಶೀರ್ಷಿಕೆಯ ಕೆಳಗಿನ ಸುದ್ದಿಯನ್ನು ನಿಧಾನವಾಗಿ ಓದಿ ನೋಡಿ. ಹುಡುಗ ಸೆಕೆಂಡ್ ಕ್ಲಾಸಿನಲ್ಲಿ ಪಾಸಾಗಿರುತ್ತಾನೆ. ಹೆಂಗಸು ತನ್ನ ಮನೆಯ ಅಡುಗೆ ತಾನೇ ಮಾಡಿಕೊಳ್ಳುತ್ತಾಳೆ. ಯುವಕ ದಿನವೂ ಬಸ್ಸು ಹಿಡಿದು ಆಫೀಸಿಗೆ ಹೋಗಿ ಬರುತ್ತಾನೆ. ನೀವೂ ನಾನೂ ಮಾಡುವ ಕೆಲಸಗಳೇ. ನಮಗಂತೂ ಯಾರೂ ಹಾರ ಹಾಕುವುದಿಲ್ಲ. (ಬೆಳಗ್ಗೆ ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ, ಪ್ರಾರ್ಥನೆಯ ಗಂಟೆಗೆ ಮುಂಚೆ ಶಾಲೆ ಮುಟ್ಟುವ ಹೆಂಗಸಿಗೆ ಒಂದು ಹಾರ ಹಾಕಿದರೂ ತಪ್ಪಿಲ್ಲ ಎನ್ನಿ!)

ನಾಲ್ಕು ಒಳ್ಳೆಯ ಮಾತು ತಾನೆ, ಅದರಿಂದ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಪ್ರತಿ ಹೊಗಳಿಕೆಯ ಹಿಂದೆಯೂ ಒಂದು ಅಳತೆಗೋಲು ಇರುತ್ತದೆ. ಮೂರು ವರ್ಷದ ಮಗು ಚಪ್ಪಲಿಯನ್ನು ಸರಿಯಾಗಿ ಮೆಟ್ಟಿಕೊಂಡರೆ 'ಜಾಣಮರಿ' ಎನ್ನುತ್ತೇವೆ. ಇಪ್ಪತ್ತೈದು ವರ್ಷದವನಿಗೆ ಹಾಗೆಂದರೆ ಅವನಿಗೆ ಏನನ್ನಿಸಬೇಕು? 'ನಿನ್ನಿಂದ ಇಷ್ಟೂ ಆಗದೆಂದು ತಿಳಿದಿದ್ದೆವು' ಎಂಬ ಮಾತನ್ನೇ ಸಕ್ಕರೆಪಾಕದಲ್ಲಿ ಅದ್ದಿ ಕೊಡುತ್ತಿದ್ದೇವೆ, ಅಷ್ಟೆ. ಹೊಗಳಿಕೆಯನ್ನು ಹೊನ್ನಶೂಲಕ್ಕೆ ಹೋಲಿಸಿದವರು ಬಸವಣ್ಣ. ಅವರ ಹೆಸರಿನ ಬಡಾವಣೆಯಲ್ಲಿ ಮನೆ ಮಾಡಿಕೊಂಡಿರುವ ನಮಗೇ ಅದು ಮರೆತುಹೋಗಿದೆ.

ರಾಜಾಜಿನಗರದ ಕಡೆ ಜೂನ್ ತಿಂಗಳೆಂದರೆ ಪ್ರತಿಭಾ ಪುರಸ್ಕಾರಗಳ ಕಾಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಭೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಸನ್ಮಾನವಿತ್ತು. ಹುಟ್ಟಿನಿಂದ ಕಾಲುಗಳಲ್ಲಿ ಬಲವಿಲ್ಲದ, ಗಾಲಿಕುರ್ಚಿಯಲ್ಲಿ ಓಡಾಡುವ ಹುಡುಗಿ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ 61 ಬಂದಿತ್ತು. ವೇದಿಕೆಗೆ ಐದು ಮೆಟ್ಟಿಲು. ಕುರ್ಚಿ ಹತ್ತಿಸಲು ಒಂದು ಇಳಿಜಾರು ಹಲಗೆಯೂ ಇರಲಿಲ್ಲ. ನಾಲ್ವರು ಗಂಡಸರು ಉತ್ಸವಮೂರ್ತಿಯನ್ನು ಎತ್ತುವಂತೆ ಅವಳನ್ನು ಕುರ್ಚಿಸಮೇತ ಎತ್ತಿ ಮೇಲಿಟ್ಟರು. ಹುಡುಗಿ ಎರಡೂ ಕೈಯಿಂದ ಲಂಗ ಬಿಗಿಹಿಡಿದು ಕಣ್ಣು ಮುಚ್ಚಿಕೊಂಡಿದ್ದಳು. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. 'ಕೈಕಾಲು ನೆಟ್ಟಗಿರುವ ನಮ್ಮ ಮಕ್ಕಳು ಇವಳನ್ನು ನೋಡಿ ಕಲಿಯಬೇಕು' ಎಂದರು ಹಿರಿಯರೊಬ್ಬರು. ಮುಂದಿನ ಸಾಲಿನಲ್ಲಿ ಇಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅದೇ ಸಭೆಯಲ್ಲಿ 94 ಪಡೆದ ಹುಡುಗಿಗೆ ಒಂದು ಪುಟ್ಟ ಕಪ್ಪು ಕೊಟ್ಟು ಕಳಿಸಿದರು.

ಮರುವಾರ ಟಿ.ಸಿ. ತೆಗೆದುಕೊಳ್ಳಲು ಬಂದಾಗ ಅವಳು ನನ್ನನ್ನು ಕೇಳಿದಳು: "ಮಿಸ್, ಗಣಿತದಲ್ಲಿ ನಂಗೆ ನಲವತ್ತೆಂಟು. ಅದನ್ನ ನೋಡಿ ಯಾರು ಏನು ಕಲೀಬೇಕಂತೆ?"

ಆ ನಲವತ್ತೆಂಟಕ್ಕೂ ಒಂದು ಕಾರಣವಿದೆ. ನಮ್ಮ ಶಾಲೆಗೆ ಬರುವ ಮೊದಲು ಅವಳು ಓದಿದ ಶಾಲೆಯ ನೋಟ್‌ಬುಕ್ಕುಗಳನ್ನು ನಾನು ನೋಡಿದ್ದೇನೆ. ತಪ್ಪು ಲೆಕ್ಕದ ಕೆಳಗೂ ಕೆಂಪು ಶಾಯಿಯಲ್ಲಿ 'ವೆರಿ ಗುಡ್', ಪಕ್ಕದಲ್ಲೊಂದು ನಕ್ಷತ್ರ. ಸಮೀಕರಣದ ಆಚೆಗೆ ಹೋದಾಗ ಚಿಹ್ನೆ ಬದಲಾಗುತ್ತದೆ ಎಂಬುದನ್ನು ಬೇರೆ ಮಕ್ಕಳಿಗೆ ಗದರಿಸಿ ಕಲಿಸಿದ ಹಾಗೆ ಇವಳಿಗೆ ಯಾರೂ ಕಲಿಸಿರಲಿಲ್ಲ. 'ಪಾಪ, ಬಂದು ಕೂರುವುದೇ ಹೆಚ್ಚು' ಎಂದುಕೊಂಡಿರಬೇಕು. ಪ್ರೋತ್ಸಾಹ ಬೇಡವೆಂದು ಯಾವ ಮೇಷ್ಟರೂ ಹೇಳಲಾರರು. ಆದರೆ 'ಮೂರನೆಯ ಸಾಲಿನಲ್ಲಿ ತಪ್ಪಿದ್ದೀ, ತಿದ್ದಿಕೊಂಡು ಬಾ' ಎನ್ನುವುದೂ ಪ್ರೋತ್ಸಾಹವೇ. ಆ ತಿದ್ದುಪಡಿ ಅವಳ ಪಾಲಿಗೆ ಬರಲೇ ಇಲ್ಲ.

ಮುಂದಿನದು ಇನ್ನೂ ಕಹಿ. ಹುಡುಗಿಗೆ ಕಾಮರ್ಸ್ ಓದುವ ಆಸೆ. ಮನೆಗೆ ಹತ್ತಿರದ ಕಾಲೇಜಿನಲ್ಲಿ ಕಾಮರ್ಸ್ ತರಗತಿಗಳು ಎರಡನೆಯ ಮಹಡಿಯಲ್ಲಿ, ಲಿಫ್ಟ್ ಇಲ್ಲ. ತರಗತಿಯನ್ನು ಕೆಳಗಿಳಿಸಿ ಎಂದು ತಂದೆ ಕೇಳಿದ್ದಕ್ಕೆ ಅಲ್ಲಿಯವರು ಬಲು ಅಕ್ಕರೆಯಿಂದ ಹೇಳಿದರಂತೆ: "ಕೆಳಗಡೆ ಆರ್ಟ್ಸ್ ಇದೆಯಲ್ಲಮ್ಮ, ಅದನ್ನೇ ತಗೋ. ನೀನು ಇಷ್ಟು ಓದಿದ್ದೇ ದೊಡ್ಡದು." ವೇದಿಕೆಯ ಮೇಲೆ ಶಾಲಾಗಿ ಬಂದ ಮಾತು ಇಲ್ಲಿ ಬಾಗಿಲ ಚಿಲಕವಾಯಿತು. ಕೊನೆಗೆ ಕೆಂಗೇರಿಯ ಕಡೆ ನೆಲಮಹಡಿಯಲ್ಲೇ ಕಾಮರ್ಸ್ ಇದ್ದ ಕಾಲೇಜಿಗೆ ಸೇರಿಸಿದರು. ದಿನವೂ ಆಟೋ. ಅದರ ಖರ್ಚಿಗೆ ತಾಯಿ ಸಂಜೆಯ ಹೊತ್ತು ಬ್ಲೌಸ್ ಹೊಲಿಯತೊಡಗಿದರು.

ಇದಕ್ಕೆಲ್ಲ ಕಾನೂನು ಇಲ್ಲವೆಂದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ನಿಯಮಗಳು 2017ರಲ್ಲಿ ಹೊರಬಂದವು. ಸಾರ್ವಜನಿಕರು ಬಳಸುವ ಹಳೆಯ ಕಟ್ಟಡಗಳೆಲ್ಲ, ಖಾಸಗಿಯವೂ ಸೇರಿ, ಅಲ್ಲಿಂದ 5 ವರ್ಷದೊಳಗೆ ಎಲ್ಲರೂ ಒಳಹೋಗುವಂತೆ ಆಗಬೇಕಿತ್ತು. ಆ ಗಡುವು 2022ಕ್ಕೇ ಮುಗಿದಿದೆ. ನಿಮ್ಮ ಬೀದಿಯ ಕಲ್ಯಾಣಮಂಟಪ, ಬ್ಯಾಂಕು, ಶಾಲೆಗಳ ಮೆಟ್ಟಿಲುಗಳನ್ನು ಒಮ್ಮೆ ಎಣಿಸಿ ನೋಡಿ. ವಿಜಯನಗರ, ಅತ್ತಿಗುಪ್ಪೆಯ ಮೆಟ್ರೋ ನಿಲ್ದಾಣಗಳು 2015ರಲ್ಲಿ ತೆರೆದವು. ಒಳಗೆ ಲಿಫ್ಟ್ ಇದೆ. ಹೊರಗೆ ಬಂದರೆ ಫುಟ್‌ಪಾತಿನ ಕಲ್ಲು ಎದ್ದಿರುತ್ತದೆ, ಉಳಿದ ಜಾಗದಲ್ಲಿ ಸ್ಕೂಟರು ನಿಂತಿರುತ್ತದೆ. ಅಲ್ಲಿ ಬಿಳಿಕೋಲು ಹಿಡಿದು ಬರುವವನಿಗೆ 'ಒಬ್ಬನೇ ಬರ್ತೀಯಾ? ಶಹಬ್ಬಾಸ್!' ಎನ್ನಲು ಜನ ಸಿಗುತ್ತಾರೆ. ಸ್ಕೂಟರು ತೆಗೆಯಲು ಸಿಗುವುದಿಲ್ಲ. ಹೆಸರನ್ನಾದರೂ ಬಿಟ್ಟೆವೇ? ಅಂಗವಿಕಲ ಹೋಗಿ ವಿಕಲಚೇತನ, ಅದು ಹೋಗಿ ವಿಶೇಷಚೇತನ, 2015ರ ಕೊನೆಯಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದ ನಂತರ ದಿವ್ಯಾಂಗ. ಪದ ಮೇಲೇರಿದಷ್ಟು ವೇಗವಾಗಿ ಲಿಫ್ಟ್ ಬರಲಿಲ್ಲ.

ಈ ಕಾಯಿಲೆ ನಮ್ಮಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಆಸ್ಟ್ರೇಲಿಯಾದಲ್ಲಿ ಸ್ಟೆಲ್ಲಾ ಯಂಗ್ ಎಂಬ ಹೆಣ್ಣುಮಗಳಿದ್ದಳು. ಎಲುಬು ಸುಲಭವಾಗಿ ಮುರಿಯುವ ಕಾಯಿಲೆಯಿಂದ ಗಾಲಿಕುರ್ಚಿ ಬಳಸುತ್ತಿದ್ದವಳು, ನಗೆಗಾರ್ತಿ, ಪತ್ರಕರ್ತೆ. 2014ರಲ್ಲಿ ಸಿಡ್ನಿಯಲ್ಲಿ ಮಾಡಿದ ಭಾಷಣದಲ್ಲಿ ಅವಳು ಎರಡು ಸಂಗತಿ ಹೇಳಿದ್ದಾಳೆ. ಹದಿನೈದರ ವಯಸ್ಸಿನಲ್ಲಿ ಊರಿನವರೊಬ್ಬರು ಅವಳ ಹೆಸರನ್ನು ಸಾಧನೆಯ ಪ್ರಶಸ್ತಿಗೆ ಸೂಚಿಸಲು ಬಂದರಂತೆ. ಅವಳು ಸಾಧಿಸಿದ್ದು ಏನೂ ಇಲ್ಲವಲ್ಲ ಎಂದು ತಂದೆತಾಯಿಯೇ ಹೇಳಿದರಂತೆ. ಎಂಥ ಗಟ್ಟಿ ತಂದೆತಾಯಿ! ಎರಡನೆಯದು ನನ್ನ ವೃತ್ತಿಯದು. ಮೆಲ್ಬರ್ನಿನ ಹೈಸ್ಕೂಲೊಂದರಲ್ಲಿ ಅವಳು ಪಾಠ ಮಾಡುತ್ತಿದ್ದಾಗ ಹುಡುಗನೊಬ್ಬ ಎದ್ದು, ಭಾಷಣ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದನಂತೆ. ಗಾಲಿಕುರ್ಚಿಯಲ್ಲಿ ಕೂತವರು ಶಾಲೆಗೆ ಬರುವುದು ಸ್ಫೂರ್ತಿ ಕೊಡಲಿಕ್ಕೇ ಎಂದು ಆ ಮಗುವಿಗೂ ಗೊತ್ತಾಗಿಬಿಟ್ಟಿತ್ತು. ಪಾಠ ಹೇಳುತ್ತಿರುವ ಟೀಚರು ಅವನಿಗೆ ಕಾಣಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, 32ನೆಯ ವಯಸ್ಸಿಗೆ ಸ್ಟೆಲ್ಲಾ ತೀರಿಕೊಂಡಳು.

ಸಾಮಾನ್ಯವಾದುದನ್ನು ಹೀಗೆ ಅಟ್ಟಕ್ಕೇರಿಸುತ್ತ ಹೋದರೆ ನಿಜವಾದ ಸಾಧನೆಗೆ ಮಾತೇ ಉಳಿಯುವುದಿಲ್ಲ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೊಂದೇ. ಅವರು ದಾಟಿದ್ದು 1.74 ಮೀಟರ್. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ದೆಲಾನಾ ದಾಟಿದ್ದೂ 1.74, ಕಂಚು ಗೆದ್ದವರದ್ದೂ ಅಷ್ಟೇ. ತಪ್ಪಿದ ಜಿಗಿತಗಳ ಲೆಕ್ಕದ ಮೇಲೆ ಪದಕಗಳು ಹಂಚಿಹೋದವು. ಎಂಥ ಪೈಪೋಟಿ ನಡೆದಿರಬೇಕು! ನಿಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ 1.74ಕ್ಕೆ ಒಂದು ಗೀಟು ಹಾಕಿ ನೋಡಿ, ನಮ್ಮಲ್ಲಿ ಹೆಚ್ಚಿನವರ ನೆತ್ತಿಗಿಂತ ಮೇಲಿರುತ್ತದೆ. ಆದರೆ ಆಗ ನನ್ನ ಸುತ್ತ ಕೇಳಿಬಂದದ್ದು ಛಲ, ವಿಧಿ, ಕಣ್ಣೀರು ಮಾತ್ರ. ಎಷ್ಟು ಎತ್ತರ ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಒಬ್ಬರೂ ಕೇಳಲಿಲ್ಲ. ಬೆಂಗಳೂರಿನ ಮಾಲತಿ ಹೊಳ್ಳ ಅವರಿಗೆ 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂದವು. ಅಂಥವರಿಗೂ, ಮನೆಯಿಂದ ಬಸ್‌ಸ್ಟಾಪಿಗೆ ಬಂದವರಿಗೂ ಒಂದೇ ವಿಶೇಷಣವಾದರೆ ಹೇಗೆ?

ಹೆಂಗಸರಾದ ನಮಗೆ ಬೇಗ ಅರ್ಥವಾಗಬೇಕಾದ ಇನ್ನೊಂದು ಹೊಗಳಿಕೆ ಇದೆ: 'ಬಾಳು ಕೊಟ್ಟ ಪುಣ್ಯಾತ್ಮ.' ಕಾಲು ಎಳೆದು ನಡೆಯುವ ಹುಡುಗಿಯನ್ನು ಮದುವೆಯಾದವನಿಗೆ ಸಲ್ಲುವ ಬಿರುದು ಇದು. ಕಾಲು ಎಳೆದು ನಡೆಯುವ ಗಂಡಸನ್ನು ಮದುವೆಯಾದವಳಿಗೆ ಅದು ಸಿಗುವುದನ್ನು ನಾನು ಕಂಡಿಲ್ಲ, ಅವಳದು ಹಣೆಬರಹ. ಈಚೆಗೆ ಬಂಧುಗಳ ಮನೆಯ ಮದುವೆಗೆ ಹೋಗಿದ್ದೆ. ಊರುಗೋಲು ಹಿಡಿದ ಮದುಮಗಳು ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ, ಒಳ್ಳೆಯ ಸಂಬಳ. ಹುಡುಗ ಆಗಷ್ಟೇ ಕೆಲಸ ಬಿಟ್ಟು ಇನ್ನೊಂದನ್ನು ಹುಡುಕುತ್ತಿದ್ದ. ಊಟದ ಪಂಕ್ತಿಯಲ್ಲಿ ದೊಡ್ಡಮ್ಮನೊಬ್ಬರು ಹುಡುಗನ ದೊಡ್ಡ ಮನಸ್ಸನ್ನು ಮೂರನೆಯ ಸಲ ಕೊಂಡಾಡಿ, "ನಿನಗೆ ಬಾಳು ಕೊಟ್ಟ ಕಣೇ" ಎಂದರು. ಹುಡುಗಿ ತಲೆಯೆತ್ತದೆ ಹೇಳಿದಳು: "ಹೌದು ದೊಡ್ಡಮ್ಮ. ಅವರು ಬಾಳು ಕೊಡ್ತಾರೆ, ನಾನು ಮನೆ ಬಾಡಿಗೆ ಕೊಡ್ತೀನಿ." ಹುಡುಗ ಪಕ್ಕದಲ್ಲೇ ಕೂತು ಜೋರಾಗಿ ನಕ್ಕ. ದೊಡ್ಡಮ್ಮ ಏನೋ ಹೇಳಬೇಕೆಂದಿದ್ದರು, ಅಷ್ಟರಲ್ಲಿ ಪಾಯಸ ಬಡಿಸುವವರು ಬಂದರು.