ಕಲ್ಕತ್ತೆಯ ಮಂಜು, ಮೈಸೂರಿನ ಗೆರೆ

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ಜೀವಾಳವಿರುವುದು ಅದರ ಗೆರೆಯಲ್ಲಿ. ಒಣಗಿದ ಹುಣಸೆ ಕಡ್ಡಿ ಸುಟ್ಟು ಮಾಡಿಕೊಂಡ ಇದ್ದಿಲಿನಿಂದ ಆಕೃತಿ ಬರೆದು, ಅಳಿಲು ಕೂದಲಿನ ಕುಂಚದಿಂದ ಅದನ್ನು ತಿದ್ದಿ, ಒಡವೆ ಮತ್ತು ಸೆರಗಿನಂಚುಗಳಿಗೆ ಗೆಸ್ಸೊ ಕೂರಿಸುವುದು, ಅಂದರೆ ಸಫೇದವನ್ನು ಅಂಟಿನೊಡನೆ ಅರೆದು ತೆಳುವಾಗಿ ಉಬ್ಬಿಸಿ ಮೇಲೆ ಚಿನ್ನದ ರೇಕು ಹೊದಿಸುವುದು, ಈ ಪದ್ಧತಿಯ ಕ್ರಮ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಅದು ಉತ್ಕರ್ಷಕ್ಕೇರಿತು. ಅವರ ‘ಶ್ರೀತತ್ತ್ವನಿಧಿ’ ದೇವತೆಗಳ ವರ್ಣ, ಆಯುಧ, ವಾಹನಗಳನ್ನು ನಿಗದಿಗೊಳಿಸಿ ಚಿತ್ರಗಾರನಿಗೆ ಕೈಪಿಡಿಯಾಯಿತಾದರೂ, ಕಣ್ಣಿಗೆ ಕಂಡದ್ದನ್ನು ಬರೆಯುವ ಅಗತ್ಯವನ್ನೇ ಅವನಿಗೆ ಇಲ್ಲವಾಗಿಸಿತು.

ಅರಮನೆಯ ಚಿತ್ರಗಾರರ ಮನೆತನದಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ನೆರವಿನಿಂದ 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿ, ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ 1916ರವರೆಗೆ ಬಂಗಾಳದಲ್ಲಿದ್ದರು. ತೈಲವರ್ಣದ ಯುರೋಪಿಯನ್ ಶೈಲಿಗೆ ಬೆನ್ನು ಹಾಕಿದ ಬಂಗಾಳ ಪಂಥವು ಅಜಂತಾ ಮತ್ತು ಮೊಘಲ್ ಕಿರುಚಿತ್ರಗಳ ಜೊತೆಗೆ ಜಪಾನಿನಿಂದಲೂ ಕಲಿತಿತ್ತು. 1903ರಲ್ಲಿ ಕಲ್ಕತ್ತೆಗೆ ಬಂದ ಯೊಕೊಯಾಮ ತೈಕಾನ್ ಮತ್ತು ಹಿಶಿದಾ ಶುನ್ಸೊ ಎಂಬ ಕಲಾವಿದರ ಸಂಪರ್ಕದಿಂದ ಅವನೀಂದ್ರನಾಥರು ರೂಪಿಸಿಕೊಂಡ ‘ವಾಶ್’ ವಿಧಾನದಲ್ಲಿ, ಬಣ್ಣ ಹಚ್ಚಿದ ಕಾಗದವನ್ನು ಮತ್ತೆ ಮತ್ತೆ ನೀರಿನಲ್ಲಿ ನೆನೆಸಿ ಅಂಚುಗಳನ್ನು ಕರಗಿಸಿ ಚಿತ್ರವಿಡೀ ಮಂಜು ಕವಿದಂತೆ ಮಾಡಲಾಗುತ್ತಿತ್ತು. ಅನುಯಾಯಿಗಳ ಕೈಯಲ್ಲಿ ಈ ಮಂಜು ಬೇಗನೆ ಚಟವಾಯಿತು; ಅಂಗರಚನೆಯ ದೌರ್ಬಲ್ಯವನ್ನು ಮರೆಸಲು ಅದಕ್ಕಿಂತ ಸುಲಭದ ಉಪಾಯವಿರಲಿಲ್ಲ.

ವೆಂಕಟಪ್ಪನವರು ಈ ಪಂಥದೊಳಗಿದ್ದೂ ಅದಕ್ಕೆ ಪೂರ್ತಿ ಒಗ್ಗಲಿಲ್ಲ. ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಮೊದಲಾದ ಸಹಪಾಠಿಗಳೊಡನೆ ಲೇಡಿ ಹೆರಿಂಗ್‌ಹ್ಯಾಮ್‌ಗಾಗಿ ಅಜಂತಾ ಭಿತ್ತಿಚಿತ್ರಗಳ ಪ್ರತಿ ತೆಗೆದಾಗಲೂ, ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ–ಬೌದ್ಧ ಪುರಾಣಕಥೆಗಳ ಗ್ರಂಥಕ್ಕೆ (1913) ರಾಮಾಯಣದ ಚಿತ್ರಗಳನ್ನು ಬರೆದಾಗಲೂ ಅವರು ಮನೆತನದ ಗೆರೆಯನ್ನು ಬಿಟ್ಟುಕೊಡಲಿಲ್ಲ. ಆ ಪುರಾಣಚಿತ್ರಗಳಲ್ಲಿ ಅಚ್ಚುಕಟ್ಟು ಧಾರಾಳವಾಗಿದ್ದರೂ ಭಾವದ ಬಿಸಿ ಕಡಿಮೆಯೆಂದೇ ಹೇಳಬೇಕು.

ಕಲ್ಕತ್ತೆಯಲ್ಲಿ ಕಲಿತದ್ದು ನಿಜವಾಗಿ ಫಲ ಕೊಟ್ಟದ್ದು ಮೈಸೂರಿಗೆ ಮರಳಿ ಒಂದು ದಶಕ ಕಳೆದ ಮೇಲೆ, 1926ರಿಂದೀಚೆಗೆ ಅವರು ಊಟಿ ಮತ್ತು ಕೊಡೈಕೆನಾಲ್‌ಗಳಲ್ಲಿ ಬರೆದ ಜಲವರ್ಣದ ನಿಸರ್ಗಚಿತ್ರಗಳಲ್ಲಿ. ಬಂಗಾಳದವರಿಗೆ ಮಂಜು ಒಂದು ಭಾವನೆಯಾಗಿದ್ದರೆ ಇಲ್ಲಿ ಅದು ಹವೆಯೇ ಆಗಿತ್ತು. ಮಂಜಿನಡಿಯಲ್ಲಿ ಗುಡ್ಡದ ಏಣು, ಮರದ ತುದಿ, ನೀರಿನಂಚು ಯಾವುದೂ ಕರಗಿಹೋಗದೆ ತಮ್ಮ ತಮ್ಮ ಜಾಗದಲ್ಲಿ ನಿಂತಿರುವುದು ಅಳಿಲು ಕೂದಲಿನ ಕುಂಚ ಹಿಡಿದು ಪಳಗಿದ ಕೈಯ ಗುಣ. ದೇವತೆಯೂ ಇಲ್ಲದ, ಕಥೆಯೂ ಇಲ್ಲದ, ಮನುಷ್ಯರೂ ಅಪರೂಪವಾದ ಈ ಚಿತ್ರಗಳು ಮೈಸೂರು ಪರಂಪರೆ ಅದುವರೆಗೆ ಬರೆಯದಿದ್ದುದನ್ನು ಅದರದೇ ಶಿಸ್ತಿನಿಂದ ಬರೆದವು. ಅವರ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಬ್ಬುಶಿಲ್ಪಗಳಲ್ಲೂ ಗೆಸ್ಸೊ ಉಬ್ಬಿಸುವ ಮನೆತನದ ಅಭ್ಯಾಸವೇ ದೊಡ್ಡ ಅಳತೆಗೆ ಬೆಳೆದಂತಿದೆ.

ನಾಲ್ವಡಿಯವರು 1940ರಲ್ಲಿ ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದ ವೆಂಕಟಪ್ಪನವರು, ವೀಣೆ ಶೇಷಣ್ಣನವರಿಂದ ಕಲಿತ ವೀಣೆಯನ್ನು ಜೊತೆಗಿಟ್ಟುಕೊಂಡು ಒಂಟಿಯಾಗಿ ಬಾಳಿ, 1965ರಲ್ಲಿ ನಿಧನರಾದರು. ನಂದಲಾಲರು ಶಾಂತಿನಿಕೇತನದ ಕಲಾಭವನದಲ್ಲಿ ಒಂದು ಪೀಳಿಗೆಯನ್ನೇ ಬೆಳೆಸಿದರೆ, ವೆಂಕಟಪ್ಪನವರು ಶಿಷ್ಯಪರಂಪರೆ ಕಟ್ಟಲಿಲ್ಲ. ಇದನ್ನು ಅವರ ಸ್ವಭಾವದ ತಲೆಗೆ ಮಾತ್ರ ಕಟ್ಟುವುದು ಸರಿಯಲ್ಲ. ಅರಮನೆಯ ಮರ್ಜಿಯನ್ನೇ ನೆಚ್ಚಿದ್ದ ಕಲೆಗೆ ಅರಮನೆಯ ಆಚೆ ನಿಲ್ಲಲು ನೆಲೆಯಿರಲಿಲ್ಲ. ಮೈಸೂರು ಸಾಂಪ್ರದಾಯಿಕ ಚಿತ್ರಕ್ಕೆ 2005ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದ್ದು, ಲಕ್ಷ್ಮಿ, ಸರಸ್ವತಿ, ರಾಜರಾಜೇಶ್ವರಿಯರ ಚಿತ್ರಗಳಿಗೆ ಇಂದಿಗೂ ಗಿರಾಕಿಗಳಿದ್ದಾರೆ. ಊಟಿಯ ಚಿತ್ರಗಳು ತೋರಿದ ದಾರಿಯನ್ನು ಮಾತ್ರ ಆ ಪರಂಪರೆ ಹಿಡಿಯಲಿಲ್ಲ.