ಠಸ್ಸೆಗಿಂತ ಮೊದಲು ಅರದ ಗುರುತು

ಕೋವಿಯ ಬಲಮೈ ಮೇಲೆ ಒಂದು ಕಿರೀಟ, ಅದರಡಿ ‘ವಿ.ಆರ್.’, ಅದರಡಿ ‘ಎನ್‌ಫೀಲ್ಡ್’, ಎಲ್ಲಕ್ಕೂ ಕೆಳಗೆ 1906. ಮಾರ್ಟಿನಿ-ಹೆನ್ರಿ ರೈಫಲ್ಲೊಂದರ ಮೇಲೆ ಹೀಗೆ ಬರೆದಿದ್ದರೆ ಅದು ಲಂಡನ್ ಬಳಿಯ ಎನ್‌ಫೀಲ್ಡ್ ಸರ್ಕಾರಿ ಕಾರ್ಖಾನೆಯ ಮಾಲಲ್ಲ ಎಂದು ಹೇಳಲು ತಿರುಪು ಬಿಚ್ಚಬೇಕಾದ್ದಿಲ್ಲ. ‘ವಿ.ಆರ್.’ ಎಂದರೆ ವಿಕ್ಟೋರಿಯಾ ರಾಣಿ; ಅವಳು ತೀರಿಕೊಂಡದ್ದು 1901ರ ಜನವರಿಯಲ್ಲಿ. ಅಲ್ಲಿಂದ ಐದು ವರ್ಷ ಕಳೆದ ಮೇಲೆ ಸರ್ಕಾರಿ ಕಾರ್ಖಾನೆಯವರು ಅವಳ ಹೆಸರಿನ ಠಸ್ಸೆ ಹೊಡೆಯುತ್ತಿರಲಿಲ್ಲ. ಹಳೆಯ ಸೇನಾ ರೈಫಲ್ ಕೂಡಿಡಲು ಹೊರಟವರು ಕಲಿಯುವ ಮೊದಲ ಪಾಠ ಇದು. ಎರಡನೆಯದು, ‘ಎನ್‌ಫೀಲ್ಡ್’ ಎಂಬಲ್ಲಿ ಇಂಗ್ಲಿಷಿನ ಎನ್ ಅಕ್ಷರ ತಿರುಗುಮುರುಗಾಗಿದ್ದರೆ ಅದು ಖೈಬರ್ ಕಣಿವೆ ಕಡೆಯ ಊರ ಕುಲುಮೆಗಳ ಮಾಲು. ಎರಡೂ ಪಾಠ ಸುಳ್ಳಲ್ಲ. ಆದರೆ ಅಸಲಿ-ನಕಲಿ ಗುರುತಿಸುವ ವಿದ್ಯೆಯೆಲ್ಲ ಇಂಥ ಅಕ್ಷರದ ಪಾಠಗಳ ಮೇಲೆಯೇ ನಿಂತುಬಿಟ್ಟಿದೆ ಎಂಬುದು ನನ್ನ ತಕರಾರು. ಅಕ್ಷರವನ್ನು ಯಾರು ಬೇಕಾದರೂ ತಿದ್ದಿಕೊಳ್ಳಬಹುದು. ಕಬ್ಬಿಣವನ್ನು ಕಡೆದ ರೀತಿಯನ್ನು ತಿದ್ದಿಕೊಳ್ಳಲು ಆಗುವುದಿಲ್ಲ.

ಮಾರ್ಟಿನಿ-ಹೆನ್ರಿಯನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡದ್ದು 1871ರಲ್ಲಿ. ತೋಟಾ ತುಂಬುವ ಯಂತ್ರಭಾಗ ಸ್ವಿಟ್ಜರ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಫ್ರೀಡ್ರಿಶ್ ಫಾನ್ ಮಾರ್ಟಿನಿಯದು, ನಳಿಗೆ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯದು. ಕೆಳಗಿನ ಸನ್ನೆ ಎಳೆದರೆ ಬಾಯಿ ತೆರೆಯುತ್ತದೆ. ಒಂದು ತೋಟಾ, ಒಂದು ಈಡು. ಈ ರೈಫಲ್ ಎರಡನೇ ಆಫ್ಘನ್ ಯುದ್ಧದಲ್ಲಿ ಬ್ರಿಟಿಷ್ ಭಾರತದ ವಾಯವ್ಯ ಗಡಿಗೆ ಹೋಯಿತು. ಅಲ್ಲಿ ಲೂಟಿಯಾಯಿತು, ಕಳವಾಯಿತು, ಕೊನೆಗೆ ಅಲ್ಲಿನ ಕುಲುಮೆಗಳಿಗೇ ಮಾದರಿಯಾಯಿತು. ಪೇಶಾವರದಿಂದ ಕೋಹಾಟ್‌ಗೆ ಹೋಗುವ ದಾರಿಯಲ್ಲಿರುವ ದರ್ರಾ ಆದಂ ಖೇಲ್ ಎಂಬ ಆಫ್ರಿದಿಗಳ ಊರು ಕೋವಿ ಮಾಡುವುದರಲ್ಲೇ ಹೆಸರಾದದ್ದು. ರೈಲು ಕಂಬಿಯ ಉಕ್ಕಾದರೂ ಸರಿ, ಕೈಗೆ ಸಿಕ್ಕಿದ್ದನ್ನು ಅರ ಹಾಕಿ, ಉಳಿ ಹಿಡಿದು, ಕಣ್ಣಂದಾಜಿನಲ್ಲೇ ಅವರು ಮಾರ್ಟಿನಿ ಮಾಡಿದರು; ಆಮೇಲೆ ಲೀ-ಎನ್‌ಫೀಲ್ಡ್ ಮಾಡಿದರು.

ಈ ಕಮ್ಮಾರನನ್ನು ಮೋಸಗಾರ ಎಂದು ಬರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವನು ಕೋವಿ ಮಾಡಿದ್ದು ಈಡು ಹೊಡೆಯುವವನಿಗೆ, ಗಾಜಿನ ಕಪಾಟಿಗಲ್ಲ. ಕಿರೀಟವೂ ‘ವಿ.ಆರ್.’ ಕೂಡ ಅವನ ಕಣ್ಣಿಗೆ ಒಳ್ಳೆಯ ರೈಫಲ್ಲಿನ ಮೈಮೇಲೆ ಇರಲೇಬೇಕಾದ ಭಾಗಗಳು. ಮಾದರಿಯಲ್ಲಿ ಇದ್ದವು, ಆದ್ದರಿಂದ ಹೊಡೆದ. ಇಂಗ್ಲಿಷ್ ಬಾರದವನು ಅಕ್ಷರವನ್ನು ಚಿತ್ರವಾಗಿ ನೋಡಿ ಕೊರೆದಾಗ ಎನ್ ತಿರುಗಿ ಕೂತಿತು. ಮೋಸ ಶುರುವಾದದ್ದು ಅದೇ ಕೋವಿಯನ್ನು ಅಂಗಡಿಯವನೊಬ್ಬ ‘1880ರ ಮೈವಂದ್ ಕದನದಲ್ಲಿ ಗೋರಾ ಸಿಪಾಯಿಯ ಕೈಯಿಂದ ಕಿತ್ತದ್ದು’ ಎಂದು ಮಾರಿದಾಗ. 2001ರ ನಂತರ ಅಮೆರಿಕದ ಸೈನಿಕರು ಆಫ್ಘಾನಿಸ್ತಾನಕ್ಕೆ ಬಂದ ಮೇಲೆ ಈ ವ್ಯಾಪಾರ ಜೋರಾಯಿತು. ಅಮೆರಿಕದ 1968ರ ಬಂದೂಕು ಕಾಯಿದೆ 1898ರೊಳಗೆ ತಯಾರಾದದ್ದನ್ನು ಪುರಾತನ ವಸ್ತು ಎಂದು ಎಣಿಸುತ್ತದೆ. ಅಂಥದ್ದನ್ನು ಸೈನಿಕ ಮನೆಗೆ ಒಯ್ಯಬಹುದಿತ್ತು. ಹೀಗಾಗಿ ಕಾಬೂಲಿನ ಚಿಕನ್ ಸ್ಟ್ರೀಟಿನಂಥ ಪೇಟೆಗಳಲ್ಲಿ ಇಸವಿಗೇ ಬೆಲೆ ಬಂತು. ಕೊಳ್ಳುವವನು ಮೊದಲು ಇಸವಿ ನೋಡುತ್ತಾನೆ ಎಂದು ಗೊತ್ತಿರುವ ಮಾರುಕಟ್ಟೆಯಲ್ಲಿ ಇಸವಿಯನ್ನೇ ಸಾಕ್ಷಿ ಮಾಡಿಕೊಂಡರೆ ಏನು ಸಿಗಬಹುದೋ ಅದೇ ಸಿಕ್ಕಿತು.

ಹಾಗಾದರೆ ಎಲ್ಲಿಂದ ನೋಡಬೇಕು? ತಯಾರಿಯಿಂದ. ಎನ್‌ಫೀಲ್ಡ್ ಕಾರ್ಖಾನೆ 1850ರ ದಶಕದಲ್ಲೇ ಅಮೆರಿಕದಿಂದ ಯಂತ್ರ ತರಿಸಿ, ಒಂದು ಕೋವಿಯ ಭಾಗ ಇನ್ನೊಂದಕ್ಕೆ ಹೊಂದುವಂತೆ ಮಾಡುತ್ತಿತ್ತು. ಯಂತ್ರ ಕಡೆದ ಮೈಯಲ್ಲಿ ಅಂಚು ನೇರ, ಮೂಲೆ ಚೊಕ್ಕ. ತಿರುಪಿನ ತಲೆಯ ಸೀಳು ಸರಿಯಾಗಿ ನಡುವಿನಲ್ಲೇ ಹಾಯ್ದಿರುತ್ತದೆ. ದರ್ರಾದ ಕೋವಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಸಮತಟ್ಟು ಎಂದುಕೊಂಡ ಮೈ ಸಣ್ಣಗೆ ಏರಿಳಿಯುವುದು ಕಾಣುತ್ತದೆ. ಹೊರಮೈಯ ಅರದ ಗೀರುಗಳನ್ನು ಉಜ್ಜಿ ಅಳಿಸಿದ್ದರೂ ಸನ್ನೆಯ ಸಂದಿನಲ್ಲಿ, ಯಂತ್ರಭಾಗದ ಒಳಗೋಡೆಯಲ್ಲಿ ಅವು ಹಾಗೇ ಉಳಿದಿರುತ್ತವೆ. ಯಾರೂ ನೋಡದ ಜಾಗಕ್ಕೆ ಯಾರೂ ಹೊಳಪು ಕೊಡುವುದಿಲ್ಲ. ಅಕ್ಷರಗಳಲ್ಲೂ ಅಷ್ಟೆ, ಓದುವುದಕ್ಕಿಂತ ಹೊಡೆದ ಬಗೆ ನೋಡುವುದು ಮುಖ್ಯ. ಅಚ್ಚಿನಿಂದ ಹೊಡೆದ ‘ಆರ್’ ಒಂದೇ ಪೆಟ್ಟಿನದು, ಆಳ ಒಂದೇ ಸಮ. ಉಳಿಯಲ್ಲಿ ಕೊರೆದ ‘ಆರ್’ ಅನ್ನು ಭೂತಗನ್ನಡಿಯಲ್ಲಿ ನೋಡಿದರೆ ಅದರ ಹೊಟ್ಟೆಯ ಬಾಗು ಬಾಗೇ ಅಲ್ಲ, ಒಂದಕ್ಕೊಂದು ತಾಗಿಸಿದ ಪುಟ್ಟ ನೇರ ಗೆರೆಗಳ ಸಾಲು.

ನಳಿಗೆಯ ಒಳಗು ಇನ್ನೂ ಖಚಿತ ಸಾಕ್ಷಿ. ಹೆನ್ರಿಯ ನಳಿಗೆಯಲ್ಲಿ ಗುಂಡನ್ನು ತಿರುಗಿಸುವ ಏಳು ತೋಡುಗಳಿರುತ್ತವೆ, 22 ಇಂಚಿಗೆ ಒಂದು ಸುತ್ತು ತಿರುಗುತ್ತವೆ. ಮೂತಿಯಲ್ಲಿ ಬೆಳಕು ಬಿಟ್ಟು ತೋಡು ಎಣಿಸಬಹುದು. ತುದಿ ತಿರುಗುವ ಸರಳಿಗೆ ಬಿಗಿಯಾಗಿ ಬಟ್ಟೆ ಸುತ್ತಿ, ನಳಿಗೆಗೆ ತೂರಿಸಿ, ಒಂದು ಸುತ್ತಿಗೆ ಎಷ್ಟು ಇಂಚು ಒಳಹೋಯಿತೆಂದು ಅಳೆಯಬಹುದು. ಊರ ಕುಲುಮೆಯ ನಳಿಗೆ ಈ ಲೆಕ್ಕಕ್ಕೆ ಬರುವುದು ಅಪರೂಪ: ತೋಡು ಕಡಿಮೆ, ಆಳ ಒಂದೊಂದು ಕಡೆ ಒಂದೊಂದು. ಹೀಗೆ ಬಯಲಾದ ಕೋವಿಗೆ ತೋಟಾ ಹಾಕಬಾರದು. ಉಕ್ಕು ಎಂಥದು, ಹದ ಎಷ್ಟು ಕೊಟ್ಟಿದ್ದಾರೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ. ಸಿಡಿದರೆ ಅದು ಸಿಡಿಯುವುದು ಕೆನ್ನೆಯ ಪಕ್ಕದಲ್ಲಿ.

ಇಷ್ಟು ಹೊತ್ತು ಹೇಳಿದ್ದು ಸುಲಭದ ಭಾಗ. ದುಬಾರಿ ಮೋಸಗಳು ನಡೆಯುವುದು ಅಸಲಿ ರೈಫಲ್ಲುಗಳ ಮೇಲೆಯೇ. 1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡ್ಲವಾನಾದಲ್ಲಿ ಜುಲು ಸೇನೆ ಬ್ರಿಟಿಷರ 24ನೇ ರೆಜಿಮೆಂಟಿನವರನ್ನು ಕಡಿದು ಹಾಕಿ ನೂರಾರು ಮಾರ್ಟಿನಿಗಳನ್ನು ಒಯ್ದಿತು. 1964ರಲ್ಲಿ ‘ಜುಲು’ ಸಿನಿಮಾ ಬಂದು ಆ ಬ್ರಿಟಿಷ್-ಜುಲು ಯುದ್ಧವನ್ನು ಮನೆಮಾತು ಮಾಡಿತು. ಇಸಾಂಡ್ಲವಾನಾದಲ್ಲಿದ್ದ ಕೋವಿ ಎಂದರೆ ಬೆಲೆ ಹಲವು ಪಟ್ಟು. ಆದ್ದರಿಂದ ಎನ್‌ಫೀಲ್ಡಿನಲ್ಲೇ ಹುಟ್ಟಿದ ಸಾಚಾ ಮಾರ್ಟಿನಿಯ, ಹೆಗಲಿಗೆ ಆನಿಸುವ ಬಟ್ ಮೇಲಿನ ಲೋಹಕ್ಕೆ ‘24’ ಎಂದು ಠಸ್ಸೆ ಹೊಡೆದರೆ ಸಾಕು. ಇಲ್ಲಿ ತೋಡು ಎಣಿಸಿ ಪ್ರಯೋಜನವಿಲ್ಲ, ಏಳೂ ಇರುತ್ತವೆ. ಇಸವಿ ಸ್ವಲ್ಪ ನೆರವಿಗೆ ಬರುತ್ತದೆ. 1879ರ ನಂತರ ತಯಾರಾದದ್ದು ಆ ಕದನದಲ್ಲಿರಲು ಸಾಧ್ಯವಿಲ್ಲ. 1881ರ ಜುಲೈಯಲ್ಲಿ ಆ ರೆಜಿಮೆಂಟೇ ಸೌತ್ ವೇಲ್ಸ್ ಬಾರ್ಡರರ್ಸ್ ಎಂದು ಹೆಸರು ಬದಲಿಸಿಕೊಂಡದ್ದರಿಂದ 1883ರ ಕೋವಿಯ ಮೇಲೆ ‘24’ ಇದ್ದರೆ ಅನುಮಾನ ಪಡಲೇಬೇಕು. ಇಸವಿ ಹೊಂದಿಕೆಯಾದರೆ ಉಳಿಯುವುದು ತುಕ್ಕಿನ ಸಾಕ್ಷಿ. ಠಸ್ಸೆ ಹಳೆಯದಾದರೆ ತುಕ್ಕಿನ ಗುಳಿ ಅಕ್ಷರದ ಅಂಚನ್ನು ತಿಂದಿರುತ್ತದೆ. ಹೊಸದಾದರೆ ಅಕ್ಷರವೇ ಗುಳಿಯನ್ನು ಕಡಿದು ಹಾಯ್ದಿರುತ್ತದೆ, ತಳದ ಲೋಹ ಸುತ್ತಲಿನದಕ್ಕಿಂತ ತಿಳಿಯಾಗಿರುತ್ತದೆ.

ಎರಡನೇ ಮಹಾಯುದ್ಧದ ನಂಬರ್ 4 (ಟಿ) ಎಂಬ ಗುರಿಕಾರರ ರೈಫಲ್ಲಿಗೆ ಆದದ್ದೂ ಇದೇ. ನಿಖರವಾಗಿ ಹೊಡೆಯುವ ಲೀ-ಎನ್‌ಫೀಲ್ಡ್‌ಗಳನ್ನು ಆರಿಸಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಗೆ ಕಳಿಸುತ್ತಿದ್ದರು. ಅವರು ದುರ್ಬೀನಿನ ಆಧಾರ ಕೂರಿಸಿ, ಬಟ್ ಅಡಿಯಲ್ಲಿ ತಮ್ಮ ಸಂಕೇತವಾದ ‘ಎಸ್51’ ಹೊಡೆದು, ದುರ್ಬೀನಿನ ನಂಬರನ್ನು ಬಟ್ಟಿನ ಕತ್ತಿನ ಮೇಲೆ ಒತ್ತುತ್ತಿದ್ದರು. ಮಾಮೂಲಿ ನಂಬರ್ 4ಕ್ಕೂ ಇದಕ್ಕೂ ಬೆಲೆಯಲ್ಲಿ ಅಜಗಜಾಂತರ. ‘ಟಿ’ ಎಂಬ ಒಂದೇ ಅಕ್ಷರದ ಆಸೆಗೆ ಚೆನ್ನಾಗಿದ್ದ ಮಾಮೂಲಿ ರೈಫಲ್ಲಿಗೆ ತೂತು ಕೊರೆದಾಗ ಖರೀದಿದಾರ ಮಾತ್ರ ಮೋಸ ಹೋಗುವುದಲ್ಲ, ಒಂದು ಸಾಚಾ ದಾಖಲೆಯೇ ನಾಶವಾಗುತ್ತದೆ. ದರ್ರಾದ ತಿರುಗಿದ ಎನ್‌ಗಿಂತ ನನಗೆ ಸಿಟ್ಟು ಬರಿಸುವುದು ಇದು.

ಅಕ್ಷರದ ಮೇಲೆ ಅತಿ ನಂಬಿಕೆ ಇಟ್ಟವರು ಅಸಲಿಯನ್ನು ತಳ್ಳಿಹಾಕುವುದೂ ಉಂಟು. ನೇಪಾಳದ ಗಹೇಂದ್ರ ರೈಫಲ್ ದೂರದಿಂದ ಥೇಟ್ ಮಾರ್ಟಿನಿ, ಮೈಮೇಲೆ ದೇವನಾಗರಿ ಅಕ್ಷರ. ‘ನೇಪಾಳಿ ಕಾಪಿ’ ಎಂದು ಕರೆದು ಬದಿಗಿಟ್ಟವರು ಒಳಗೆ ನೋಡಿರುವುದಿಲ್ಲ. ಸುರುಳಿ ಸ್ಪ್ರಿಂಗ್ ಇರಬೇಕಾದಲ್ಲಿ ಪಟ್ಟಿ ಸ್ಪ್ರಿಂಗ್, ಯಂತ್ರಭಾಗವೇ ಬೇರೆ. ಜನರಲ್ ಗಹೇಂದ್ರ ಶಂಶೇರರ ಹೆಸರಿನ ಈ ಕೋವಿ ಒಂದು ಸರ್ಕಾರದ ಸ್ವಂತ ಆಯುಧ. 2003ರಲ್ಲಿ ಕಠ್ಮಂಡುವಿನ ಹಳೆಯ ಶಸ್ತ್ರಾಗಾರದ ದಾಸ್ತಾನು ಅಮೆರಿಕದ ವ್ಯಾಪಾರಿಗಳ ಪಾಲಾದಾಗಲೇ ಹೊರಗಿನವರು ಇವನ್ನು ರಾಶಿಯಾಗಿ ಕಂಡದ್ದು. ನಮ್ಮ ದೇಶದ ಇಶಾಪುರದಲ್ಲಿ .303 ರೈಫಲ್‌ಗಳನ್ನು ಪೊಲೀಸರ ಕಾವಲಿಗೆಂದು .410 ನಳಿಗೆಯ ಒಂಟಿ ಈಡಿನ ಮಸ್ಕೆಟ್ ಮಾಡಿ, ತೋಟಾ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ತುರುಕಿದ್ದರು. ಇದನ್ನು ಯಾರೋ ಕೆಡಿಸಿದ ಮಾಲು ಎಂದುಕೊಳ್ಳುವುದು ಸುಲಭ. ಸರ್ಕಾರಿ ಕಾರ್ಖಾನೆಯೇ ಹಾಗೆ ಮಾಡಿತ್ತು. ಕೋವಿಯಾಚೆಗೂ ಹೀಗೆಯೇ: ಶ್ರೀರಂಗಪಟ್ಟಣದ ಟಿಪ್ಪು ನಾಣ್ಯಗಳಲ್ಲಿ ಮೌಲೂದಿ ಎಂಬ ಕಾಲಗಣನೆಯ ವರ್ಷದ ಅಂಕಿಗಳು ಬಲದಿಂದ ಎಡಕ್ಕೆ ಇವೆ. ‘ಉಲ್ಟಾ ಇದ್ದರೆ ನಕಲಿ’ ಎಂಬ ಸೂತ್ರವನ್ನು ಅಲ್ಲಿಗೆ ಒಯ್ದರೆ ಸಾಚಾ ನಾಣ್ಯವೇ ಕಸದ ಬುಟ್ಟಿ ಸೇರೀತು.

ಭಾರತದಲ್ಲಿ ಈ ಹವ್ಯಾಸಕ್ಕೆ ಜಾಗ ಕಿರಿದು. 1959ರ ಆಯುಧ ಕಾಯಿದೆ ಹಳೆಯ ಮಾದರಿಯ, ಪುರಾತನ ಬೆಲೆಯ ಆಯುಧಕ್ಕೆ ವಿನಾಯ್ತಿ ಕೊಡುವುದು ಅದು ದುರಸ್ತಿ ಮಾಡಿದರೂ ಹೊಡೆಯದಂಥದ್ದಾಗಿದ್ದರೆ. ಆದ್ದರಿಂದ ನಮ್ಮವರಲ್ಲಿ ಈ ಕಣ್ಣು ಹೆಚ್ಚು ಬೇಕಾಗಿರುವುದು ವಸ್ತುಸಂಗ್ರಹಾಲಯ ನಡೆಸುವವರಿಗೆ, ಅಮೆರಿಕ-ಇಂಗ್ಲೆಂಡಿನ ಹರಾಜಿನಲ್ಲಿ ಕೈ ಎತ್ತುವ ಕನ್ನಡಿಗರಿಗೆ. ಅವರ ಕೈಗೆ ಗಡಿನಾಡಿನ ಮಾರ್ಟಿನಿಯೊಂದು ಬಂದರೆ ಅದನ್ನು ಕಪಾಟಿನ ಹಿಂದೆ ಬಚ್ಚಿಡಬಾರದು. ‘ಎನ್‌ಫೀಲ್ಡ್, 1878’ ಎಂಬ ಚೀಟಿಯನ್ನು ಕಿತ್ತು, ವಾಯವ್ಯ ಗಡಿಯ ಕೈಕೆಲಸ, ಅರ ಮತ್ತು ಉಳಿಯಿಂದ ಮಾಡಿದ್ದು, ಇಸವಿ ನಂಬಲರ್ಹವಲ್ಲ ಎಂದು ಬರೆದು, ಸನ್ನೆ ತೆರೆದು ಒಳಗೋಡೆ ಕಾಣುವಂತೆ ನಿಲ್ಲಿಸಲಿ. ಪಕ್ಕದಲ್ಲಿ ಒಂದು ಕಾರ್ಖಾನೆಯ ಮಾರ್ಟಿನಿಯೂ ಹಾಗೆಯೇ ತೆರೆದು ನಿಂತಿದ್ದರೆ ಹತ್ತನೇ ತರಗತಿಯ ಹುಡುಗಿಯೊಬ್ಬಳು ಅಕ್ಷರ ಓದದೆಯೇ ಎರಡನ್ನೂ ಬೇರ್ಪಡಿಸಿ ಹೇಳಬಲ್ಲಳು.